ಹೆಡರ್ ಫೈಲಿನೊಳಗಿನ ಹೆಸರು ನಿಮ್ಮ ಹೆಸರಿಗೆ ಅಡ್ಡ ಬಂದಾಗ

ಕರ್ನಿಘನ್ ಮತ್ತು ರಿಚಿ ಬರೆದ ಸಿ ಪುಸ್ತಕದ 1988ರ ಆವೃತ್ತಿಯಲ್ಲಿ ‘ಗೆಟ್‌ಲೈನ್’ ಎಂಬ ಫಂಕ್ಷನ್ ಇದೆ. ಅದನ್ನು ಅಕ್ಷರ ತಪ್ಪದೆ ಟೈಪ್ ಮಾಡಿದರೂ ಇಂದಿನ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ ಎರರ್ ತೋರಿಸುತ್ತದೆ. ಗ್ನೂ ಲೈಬ್ರರಿಯಲ್ಲಿದ್ದ ಅದೇ ಹೆಸರಿನ ಫಂಕ್ಷನ್ 2008ರಲ್ಲಿ ಪಾಸಿಕ್ಸ್ ಮಾನಕಕ್ಕೆ ಸೇರಿತು. ಪುಸ್ತಕದ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್, ಲೈಬ್ರರಿಯದಕ್ಕೆ ಮೂರು. ‘ಎಸ್‌ಟಿಡಿಐಒ’ ಹೆಡರ್ ಸೇರಿಸಿದೊಡನೆ ಎರಡೂ ಒಂದೇ ಫೈಲಿನಲ್ಲಿ ಎದುರಾಗುತ್ತವೆ.

ಸಿ ಭಾಷೆಯಲ್ಲಿ ನೇಮ್‌ಸ್ಪೇಸ್ ಇಲ್ಲ. ‘ಇನ್‌ಕ್ಲೂಡ್’ ಎಂದರೆ ಹೆಡರಿನಲ್ಲಿರುವುದನ್ನೆಲ್ಲ ನಿಮ್ಮ ಫೈಲಿಗೆ ತಂದು ಸುರಿದಂತೆ. ಹಾಗಾಗಿ ಸಿ ಮತ್ತು ಪಾಸಿಕ್ಸ್ ಮಾನಕಗಳು ಕೆಲವು ಹೆಸರುಗಳನ್ನು ಕಂಪೈಲರ್ ಮತ್ತು ಲೈಬ್ರರಿಗೆಂದು ಕಾದಿರಿಸಿವೆ:

• ಎರಡು ಅಂಡರ್‌ಸ್ಕೋರ್, ಇಲ್ಲವೇ ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಶುರುವಾಗುವ ಹೆಸರನ್ನು ನೀವು ಎಲ್ಲಿಯೂ ಇಡುವಂತಿಲ್ಲ. ಹೆಡರ್ ಗಾರ್ಡ್ ಬರೆಯುವಾಗ ಹಲವರು ಎಡವುವುದು ಇಲ್ಲೇ.
• ಒಂದೇ ಅಂಡರ್‌ಸ್ಕೋರಿನಿಂದ ಶುರುವಾಗುವ ಹೆಸರು ಫೈಲ್ ಮಟ್ಟದಲ್ಲಿ ಸಲ್ಲದು.
• ‘ಎಸ್‌ಟಿಆರ್’, ‘ಮೆಮ್’, ‘ಇಸ್’, ‘ಟು’ ಇವುಗಳ ಬೆನ್ನಿಗೆ ಸಣ್ಣಕ್ಷರ ಬರುವ ಫಂಕ್ಷನ್ ಹೆಸರುಗಳನ್ನು ಮುಂದೆ ಬರಬಹುದಾದ ಫಂಕ್ಷನ್‌ಗಳಿಗೆ ಇಟ್ಟಿದೆ. ಸಿ11 ಆವೃತ್ತಿಯ ನಿಯಮದಂತೆ ಬೇರೆ ಫೈಲುಗಳಿಗೂ ಕಾಣುವ ಫಂಕ್ಷನ್‌ಗೆ ‘ಟೋಟಲ್’ ಎಂದು ಹೆಸರಿಡುವುದೂ ತಪ್ಪೇ! ಫಂಕ್ಷನ್ ಒಳಗಿನ ವೇರಿಯಬಲ್‌ಗಾದರೆ ಅಡ್ಡಿಯಿಲ್ಲ. ಸಿ23 ಈ ಬಿಗಿಯನ್ನು ಸಡಿಲಿಸಿದೆ.
• ‘ಅಂಡರ್‌ಸ್ಕೋರ್ ಟಿ’ಯಿಂದ ಮುಗಿಯುವ ಹೆಸರುಗಳು ಪಾಸಿಕ್ಸ್‌ನವು.

ಈ ಕಟ್ಟುಪಾಡು ಲೈಬ್ರರಿಗೂ ಇದೆ: ತನ್ನ ಒಳಗಿನ ಹೆಸರುಗಳನ್ನು ಅದು ಕಾದಿರಿಸಿದವುಗಳಿಂದಲೇ ಆರಿಸಬೇಕು. ಹೆಡರ್ ಸೇರಿಸುವ ಮುನ್ನ ನೀವು ‘ಎನ್’ ಎಂಬ ಮ್ಯಾಕ್ರೋಗೆ 10 ಕೊಟ್ಟಿದ್ದೀರಿ ಎನ್ನಿ. ಮ್ಯಾಕ್ರೋಗೆ ಸ್ಕೋಪ್ ಗೊತ್ತಿಲ್ಲ. ಹೆಡರಿನಲ್ಲೂ ‘ಎನ್’ ಎಂಬ ಪ್ಯಾರಾಮೀಟರ್ ಇದ್ದರೆ ಅಲ್ಲಿಗೂ 10 ನುಗ್ಗಿ ಕೋಡ್ ಕೆಡುತ್ತದೆ. ಅದಕ್ಕೇ ಗ್ನೂ ಲೈಬ್ರರಿಯ ಹೆಡರಿನಲ್ಲಿ ಗೆಟ್‌ಲೈನ್‌ನ ಪ್ಯಾರಾಮೀಟರುಗಳಿಗೆಲ್ಲ ಮುಂದೆ ಎರಡು ಅಂಡರ್‌ಸ್ಕೋರ್. ಅಂಥ ಹೆಸರನ್ನು ನೀವೂ ಬಳಸಿದರೆ ಆ ರಕ್ಷಣೆ ಮುರಿಯುತ್ತದೆ.

‘ಗೆಟ್‌ಲೈನ್’ ಮಾತ್ರ ಸಿ ಕಾದಿರಿಸಿದ ಹೆಸರಲ್ಲ. ಹಾಗಾಗಿ ಜಿಸಿಸಿಗೆ ‘ಎಸ್‌ಟಿಡಿ’ ಆಯ್ಕೆಯಲ್ಲಿ ‘ಸಿ11’ ಎಂದು ಕೊಟ್ಟರೆ ಲೈಬ್ರರಿ ಅದನ್ನು ಮರೆಮಾಡುತ್ತದೆ, ಹೆಸರಿನ ಜಗಳ ತಪ್ಪುತ್ತದೆ. ಆದರೆ ಪಾಸಿಕ್ಸ್ ಸೌಲಭ್ಯ ಬೇಕಾದ ದಿನ ಜಗಳ ಮತ್ತೆ ಶುರು. ಬಾಳುವ ಪರಿಹಾರವೆಂದರೆ ಹೊರಗೆ ಕಾಣುವ ಪ್ರತಿ ಹೆಸರಿಗೂ ಪ್ರಾಜೆಕ್ಟಿನ ಪೂರ್ವಪದ ಹಚ್ಚುವುದು. ಎಸ್‌ಕ್ಯೂಲೈಟ್ ತನ್ನ ಫಂಕ್ಷನ್‌ಗಳಿಗೆಲ್ಲ ‘ಎಸ್‌ಕ್ಯೂಲೈಟ್3’ ಎಂದು ಹಚ್ಚುವುದು ಇದಕ್ಕೇ. ಹಳೆಯ ಕೋಡಿನಲ್ಲಿ ಅಂಡರ್‌ಸ್ಕೋರಿನ ತಪ್ಪು ಹುಡುಕಲು ಕ್ಲ್ಯಾಂಗ್ ಕಂಪೈಲರಿನ 13ನೇ ಆವೃತ್ತಿಯಿಂದೀಚೆಗೆ ‘ರಿಸರ್ವ್ಡ್ ಐಡೆಂಟಿಫೈಯರ್’ ಎಚ್ಚರಿಕೆ ಇದೆ. ಅದನ್ನು ನೀವೇ ಆನ್ ಮಾಡಬೇಕು.