ಶ್ರಾಫ್, ಚಾಪ್, ಚಿಟ್: ಕ್ಯಾಂಟನ್ ಬಂದರಿನ ಬೆರಕೆ ಭಾಷೆ

ಎರಡನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ ರಾತ್ರಿ ಕಥೆ ಹೇಳುವುದು ನನ್ನ ಕೆಲಸ. ಮನೆಯಲ್ಲಿ ಉರ್ದು, ಅವನ ಶಾಲೆಯಲ್ಲಿ ಕನ್ನಡ. ಹಾಗಾಗಿ ನನ್ನ ಕಥೆಯಲ್ಲಿ ನರಿ ಕನ್ನಡ ಮಾತಾಡುತ್ತದೆ, ಮೊಸಳೆ ಉರ್ದು. ಜಗಳ ಬಂದರೆ ಎರಡೂ ಕಲಸಿಹೋಗುತ್ತವೆ. ಒಂದು ದಿನ ಇದನ್ನು ಕೇಳಿಸಿಕೊಂಡ ನೆಂಟರೊಬ್ಬರು, "ಮಗುವಿಗೆ ಯಾಕಮ್ಮ ಈ ಕಲಬೆರಕೆ ಕಲಿಸ್ತೀಯ?" ಎಂದರು. ಕಲಬೆರಕೆ ಎಂದರೆ ಹಾಲಿಗೆ ನೀರು ಹಾಕುವುದು. ನಾನು ಅಂಥದ್ದೇನು ಮಾಡಿದೆ ಎಂದು ಎರಡು ದಿನ ಬೇಸರದಲ್ಲಿದ್ದೆ.

ಅದೇ ವಾರ ಮಾಮೂ ಹಾಂಗ್‌ಕಾಂಗ್‌ನಿಂದ ಒಂದು ಫೋಟೋ ಕಳಿಸಿದರು. ಪಾರ್ಕಿಂಗ್ ಕಟ್ಟಡದಲ್ಲಿ ಹಣ ಕಟ್ಟುವ ಕಿಟಕಿ, ಮೇಲೆ ಇಂಗ್ಲಿಷಿನಲ್ಲಿ 'ಶ್ರಾಫ್' ಎಂದು ಬೋರ್ಡು. ಇದು ನಮ್ಮ ಸರಾಫ್ ಅಲ್ಲವೇ? ಅಲ್ಲಿಗೆ ಹೇಗೆ ಹೋದ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಕ್ಯಾಂಟನೀಸ್ ಮತ್ತು ಇಂಗ್ಲಿಷ್ ಬೆರೆತ ಒಂದು ಭಾಷೆ.

1757ರಿಂದ 1842ರವರೆಗೆ ಸಮುದ್ರದ ಮೂಲಕ ಬರುವ ಪಾಶ್ಚಾತ್ಯ ವ್ಯಾಪಾರಿಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಕ್ಯಾಂಟನ್ ಒಂದೇ. ಇಂದಿನ ಗುವಾಂಗ್‌ಝೌ ಅದೇ. ಚಹಾ, ರೇಷ್ಮೆ ಹೊರಗೆ ಹೋಗುತ್ತಿತ್ತು; ಬೆಳ್ಳಿ, ಭಾರತದ ಹತ್ತಿ, ಕಡೆಗೆ ಅಫೀಮು ಒಳಗೆ ಬರುತ್ತಿತ್ತು. ಆದರೆ ವಿದೇಶಿಯರಿಗೆ ಚೀನೀ ಭಾಷೆ ಕಲಿಸುವುದು ಅಪರಾಧ. 1759ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷ್ ವ್ಯಾಪಾರಿ ಚೀನೀ ಭಾಷೆಯಲ್ಲಿ ದೂರು ಕೊಟ್ಟು ಸೆರೆಯಾದ. ಅದನ್ನು ಬರೆಯಲು ನೆರವಾದ ಚೀನೀಯನಿಗೆ ಮರಣದಂಡನೆಯೇ ಆಯಿತು. ಒಂದು ಅರ್ಜಿ ಬರೆದುಕೊಟ್ಟದ್ದಕ್ಕೆ!

ಆದರೂ ವ್ಯಾಪಾರ ನಡೆಯಬೇಕಲ್ಲ. ಎರಡೂ ಕಡೆಯವರು ಸೇರಿ ಕಟ್ಟಿಕೊಂಡ ಮಾತೇ ಪಿಜಿನ್. 'ಬಿಸಿನೆಸ್' ಎಂಬ ಪದ ಚೀನೀ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ. ನಮ್ಮ ವಿಷಯದ ಹೆಸರನ್ನೇ ಹೊತ್ತ ಭಾಷೆ ಇದು ಎಂದು ಕಾಮರ್ಸ್ ವಿದ್ಯಾರ್ಥಿಗಳು ಸ್ವಲ್ಪ ಜಂಭ ಪಡಬಹುದು.

ಇದರಲ್ಲಿ ಪದಗಳು ಹೆಚ್ಚಾಗಿ ಇಂಗ್ಲಿಷಿನವು, ಜೋಡಣೆ ಬಹುಪಾಲು ಕ್ಯಾಂಟನೀಸ್‌ನದು. 'ಒಂದು ಪುಸ್ತಕ' ಎನ್ನಲು 'ವನ್ ಪೀಸೀ ಬುಕ್' ಎನ್ನುತ್ತಿದ್ದರು. ಕ್ಯಾಂಟನೀಸ್‌ನಲ್ಲಿ ಸಂಖ್ಯೆಗೂ ವಸ್ತುವಿಗೂ ನಡುವೆ ಎಣಿಕೆಯ ಪದವೊಂದು ಇರಲೇಬೇಕು. ಬಿಲ್ಲಿನಲ್ಲಿ ಸಂಖ್ಯೆ, ಯೂನಿಟ್, ಮಾಲು ಎಂದು ಬರೆಯುತ್ತೇವಲ್ಲ, ಹಾಗೆ. ಆ ಖಾಲಿ ಕಾಲಮ್ಮಿಗೆ 'ಪೀಸೀ' ತಂದು ಕೂರಿಸಿದರು. ಮೇಲೆ ಎನ್ನಲು 'ಟಾಪ್‌ಸೈಡ್'. ಬೇಗ ಎನ್ನಲು 'ಚಾಪ್ ಚಾಪ್', ಅದು ಕ್ಯಾಂಟನೀಸ್ ಮೂಲದ್ದು.

'ಮೇಕ್' ಅಲ್ಲಿ 'ಮೇಕೀ' ಆಯಿತು, 'ಟಾಕ್' 'ಟಾಕೀ'. ಕೊನೆಯ ವ್ಯಂಜನವನ್ನು ಬಿಡಿಸಿ ನುಡಿಯುವುದು ಕ್ಯಾಂಟನೀಸ್‌ನ ರೂಢಿಯಲ್ಲ, ಅದಕ್ಕೇ ಒಂದು ಸ್ವರ ಅಂಟಿಸಿದರು. ಇದನ್ನು ಓದಿ ನಗು ಬಂದರೆ ಬಸ್ಸು, ಕಾರು, ಪೆನ್ನು ಎಂದು ಒಮ್ಮೆ ಹೇಳಿ ನೋಡಿ. ಹಾಂಗ್‌ಕಾಂಗ್‌ನಲ್ಲಿ ಬಸ್ಸಿಗೆ ಇಂದಿಗೂ 'ಬಾಸೀ' ಎನ್ನುತ್ತಾರೆ.

ಇನ್ನು ಸರಾಫ. ಬೆಳ್ಳಿ ನಾಣ್ಯ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವವನು ಅವನು. ಅರಬಿಯ ಪದ ಭಾರತಕ್ಕೆ ಬಂದು, ಇಲ್ಲಿಂದ ಹಡಗು ಹತ್ತಿ ಅಲ್ಲಿ 'ಶ್ರಾಫ್' ಆಯಿತು. ಸರಿಯಾದ ನಾಣ್ಯಕ್ಕೆ ಹೊಡೆಯುವ ಮುದ್ರೆ 'ಚಾಪ್'. ಇದು ನಮ್ಮ ಛಾಪಾ ಕಾಗದದ ಛಾಪು. ಸಣ್ಣ ಪತ್ರ 'ಚಿಟ್', ಅಂದರೆ ಚಿಟ್ಠಿ, ನಮ್ಮ ಚೀಟಿಯ ಬಂಧು.

ಇದನ್ನು ಕಲಿಯಲು ಚೀನೀಯರ ಬಳಿ ಚಿಕ್ಕ ಪುಸ್ತಿಕೆಗಳಿದ್ದವು. ಇಂಗ್ಲಿಷ್ ಪದದ ಉಚ್ಚಾರವನ್ನು ಚೀನೀ ಲಿಪಿಯಲ್ಲೇ ಬರೆದಿರುತ್ತಿದ್ದರು. ಅದನ್ನು ಕ್ಯಾಂಟನೀಸ್‌ನಲ್ಲಿ ಓದಬೇಕು. 1862ರಲ್ಲಿ ಟಾಂಗ್ ಟಿಂಗ್ಶು ಆರು ಸಂಪುಟಗಳ ಇಂಗ್ಲಿಷ್ ಕಲಿಕೆಯ ಪುಸ್ತಕವನ್ನೇ ತಂದರು, ಅದರಲ್ಲಿ ಪಿಜಿನ್‌ಗೂ ಜಾಗವಿತ್ತು. ಅವರು ಮುಂದೆ ದೊಡ್ಡ ಹಡಗು ಕಂಪನಿಯ ಮುಖ್ಯಸ್ಥರಾದರು.

1876ರಲ್ಲಿ ಚಾರ್ಲ್ಸ್ ಲೆಲೆಂಡ್ ಎಂಬ ಅಮೆರಿಕನ್ ಲೇಖಕ ಈ ಭಾಷೆಯಲ್ಲಿ ಹಾಡು, ಕಥೆಗಳ ಪುಸ್ತಕ ತಂದರು. ನನಗೆ ಮುಳ್ಳು ಚುಚ್ಚಿದ್ದು ಇಲ್ಲಿ. ಬಂದರಿನಲ್ಲಿ ಇಬ್ಬರೂ ಆಡುತ್ತಿದ್ದ ಮಾತು ಪುಸ್ತಕಕ್ಕೆ ಬರುವಾಗ ಚೀನೀಯನೊಬ್ಬನದೇ ತೊದಲು ಎಂಬಂತಾಯಿತು. ಲೆಕ್ಕದಲ್ಲಿ ಚುರುಕಾದ ವ್ಯಾಪಾರಿ ಓದುಗರ ಕಣ್ಣಿಗೆ ಮಗುವಿನಂತೆ ಕಂಡ. ಅವನೊಡನೆ ಅದೇ ಭಾಷೆಯಲ್ಲಿ ಚೌಕಾಸಿ ಮಾಡಿದ ಇಂಗ್ಲಿಷಿನವನ ಮೇಲೆ ಯಾರೂ ಅಷ್ಟು ನಗಲಿಲ್ಲ.

ನಮ್ಮ ಮನೆಯ ದಖ್ಖನಿ ಉರ್ದುವಿಗೂ ಇಂಥ ನಗು ಹೊಸದಲ್ಲ. "ಬರ್ತೀನಿ ಅಂತ ಹೇಳಿದ" ಎನ್ನಲು ನಾವು "ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತೇವೆ. ಪುಸ್ತಕದ ಉರ್ದುವಿನಲ್ಲಿ 'ಹೇಳಿದ' ಮೊದಲು, ಹೇಳಿದ ಮಾತು ಆಮೇಲೆ. ನಮ್ಮ 'ಬೋಲ್ಕೆ' ಕುಳಿತಿರುವುದು ಕನ್ನಡದ 'ಅಂತ' ಕೂರುವ ಜಾಗದಲ್ಲೇ. ಪದ ಉರ್ದುವಿನದು, ಜೋಡಣೆ ಇಲ್ಲಿಯದು. ಕ್ಯಾಂಟನ್‌ನಲ್ಲಿ ಆದದ್ದೂ ಇಂಥದ್ದೇ.

ಈಗ ತಮ್ಮನಿಗಾಗಿ ನೋಟ್‌ಬುಕ್ಕಿನಲ್ಲಿ ಒಂದು ಕಥೆ ಬರೆಯುತ್ತಿದ್ದೇನೆ. ನರಿ ವ್ಯಾಪಾರಿ, ಮೊಸಳೆ ಸರಾಫ. ಒಂದೇ ಷರತ್ತು ಇಟ್ಟುಕೊಂಡಿದ್ದೇನೆ: ಇಬ್ಬರೂ ಇನ್ನೊಬ್ಬರ ಮಾತನ್ನು ಅರ್ಧ ಕಲಿಯಬೇಕು, ಇಬ್ಬರೂ ತಪ್ಪು ಮಾಡಬೇಕು. ಮೊನ್ನೆ ಓದಿ ಹೇಳುವಾಗ ಮೊಸಳೆಯ ಒಂದು ವಾಕ್ಯವನ್ನು ಪುಸ್ತಕದ ಉರ್ದುವಿನಲ್ಲಿ ಹೇಳಿಬಿಟ್ಟೆ. ತಮ್ಮ ಹೊದಿಕೆಯಿಂದ ಮುಖ ತೆಗೆದು ತಿದ್ದಿದ: "ಆಪಾ, ಮೊಸಳೆ ಹಾಗೆ ಮಾತಾಡಲ್ಲ. ಬೋಲ್ಕೆ ಎಲ್ಲಿ?"