ಒಂದು ಸೆಕೆಂಡಿನ ಬೆಲೆ

ಊರೊಳಗಿನ ಬೀದಿಯೊಂದರಲ್ಲಿ ಕಾರು ಸಾಗುತ್ತಿದೆ. 18 ಮೀಟರು ಮುಂದೆ, ನಿಂತ ಬಸ್ಸಿನ ಮರೆಯಿಂದ ಮಗುವೊಂದು ಚೆಂಡನ್ನು ಬೆನ್ನಟ್ಟಿ ರಸ್ತೆಗೆ ಓಡಿಬರುತ್ತದೆ. ಕಾರು ನಿಲ್ಲುವುದೋ ಇಲ್ಲವೋ? ಇದು ದೈವಾಧೀನವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಪ್ರೌಢಶಾಲೆಯ ಗಣಿತವನ್ನು ಬಲ್ಲವರು ಇದನ್ನು ಲೆಕ್ಕಹಾಕಿಯೇ ಹೇಳಬಹುದು.

ಕಾರು ನಿಲ್ಲಲು ತೆಗೆದುಕೊಳ್ಳುವ ದೂರದಲ್ಲಿ ಎರಡು ಭಾಗಗಳಿವೆ. ಅಪಾಯವನ್ನು ಕಣ್ಣು ಕಂಡು, ಮಿದುಳು ಅದನ್ನು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವುದರೊಳಗೆ ಎಚ್ಚರದಿಂದಿರುವ ಚಾಲಕನಿಗೂ ಸುಮಾರು ಒಂದು ಸೆಕೆಂಡು ಬೇಕು. ಅಷ್ಟು ಹೊತ್ತೂ ಕಾರು ಮೊದಲಿನ ವೇಗದಿಂದಲೇ ಓಡುತ್ತಿರುತ್ತದೆ. ಇದು ಮೊದಲನೆಯ ಭಾಗ. ಬ್ರೇಕು ಹಿಡಿದ ಮೇಲೆ ಗಾಲಿಗಳಿಗೂ ರಸ್ತೆಗೂ ನಡುವಣ ಘರ್ಷಣೆಯು ಕಾರಿನ ಚಲನಶಕ್ತಿಯನ್ನೆಲ್ಲ ಹೀರಿಕೊಳ್ಳುವವರೆಗೆ ಅದು ಕ್ರಮಿಸುವ ದೂರ ಎರಡನೆಯದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗವು ಒಂದೂವರೆ ಪಟ್ಟಾದರೆ ಈ ದೂರವು ಎರಡೂಕಾಲು ಪಟ್ಟಾಗುತ್ತದೆ.

ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೂ ಕಾರಿನ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 10 ಮೀಟರು ಓಡುತ್ತದೆ. ಯೋಚಿಸುವುದರಲ್ಲಿ 10 ಮೀಟರು, ಬ್ರೇಕಿನಲ್ಲಿ 7 ಮೀಟರು, ಒಟ್ಟು 17. ಕಾರು ಮಗುವಿನಿಂದ ಒಂದು ಮೀಟರು ಹಿಂದೆಯೇ ನಿಂತಿತು. ತಾಯಿ ಓಡಿಬಂದು ಮಗುವಿನ ಬೆನ್ನಿಗೊಂದು ಪೆಟ್ಟು ಕೊಟ್ಟು ಎತ್ತಿಕೊಂಡು ಹೋಗಬಹುದು.

ಅದೇ ಕಾರು 54 ಕಿಲೋಮೀಟರು ವೇಗದಲ್ಲಿದ್ದರೆ? ಚಾಲಕನ ಕಾಲು ಬ್ರೇಕನ್ನು ಮುಟ್ಟುವಾಗಲೇ 15 ಮೀಟರು ಕಳೆದಿರುತ್ತದೆ. ಉಳಿದ 3 ಮೀಟರುಗಳಲ್ಲಿ ವೇಗವು 49ಕ್ಕೆ ಮಾತ್ರ ಇಳಿಯುತ್ತದೆ. ಆ ವೇಗದ ಹೊಡೆತವು 9 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಮನೆಯ ಮೇಲಿನಿಂದ, ನೆಲಕ್ಕೆ ಬಿದ್ದುದಕ್ಕೆ ಸಮ. ಮಳೆಬಿದ್ದ ರಸ್ತೆಯಲ್ಲಿ ಘರ್ಷಣೆಯು ಅರ್ಧವಾಯಿತೆನ್ನಿ. ಈ ಕಾರು ಪೂರ್ಣ ನಿಲ್ಲಲು 47 ಮೀಟರು ಬೇಕು. ಚಾಲಕನ ದೃಷ್ಟಿ ಕೈಯಲ್ಲಿನ ಮೊಬೈಲಿನ ಮೇಲಿದ್ದರೆ, ಹಾಗೆ ಕಳೆದ ಪ್ರತಿ ಸೆಕೆಂಡಿಗೂ ಇನ್ನೂ 15 ಮೀಟರು ಸೇರಿಸಬೇಕು.

ನಗರಗಳು ವೇಗಕ್ಕೆ ಮಿತಿ ಹಾಕುವುದು ಈ ಲೆಕ್ಕದ ಮೇಲೆಯೇ. ಪ್ಯಾರಿಸ್ ನಗರವು 2021ರ ಆಗಸ್ಟ್ 30ರಿಂದ ತನ್ನ ಬಹುಪಾಲು ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿಯನ್ನು ಜಾರಿಗೆ ತಂದಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಬೀದಿಗಳಿಗೆ ಇದೇ ಮಿತಿಯಿದೆ. ಸುಮಾರು 7 ಲಕ್ಷ ಜನರಿರುವ ಆ ನಗರದಲ್ಲಿ, 2025ರ ಜುಲೈ ತಿಂಗಳಿಗೆ ಕೊನೆಗೊಂಡ ಇಡೀ ಒಂದು ವರ್ಷದಲ್ಲಿ ರಸ್ತೆ ಅಪಘಾತದಿಂದ ಒಬ್ಬರೂ ಸಾಯಲಿಲ್ಲ! ಬೀದಿಗಳ ರಚನೆಯ ಸುಧಾರಣೆ, ವೇಗವನ್ನು ಅಳೆಯುವ ಕ್ಯಾಮರಾಗಳು, ಉತ್ತಮ ಸಾರ್ವಜನಿಕ ಸಾರಿಗೆ ಇವೂ ಅದಕ್ಕೆ ನೆರವಾದವು.

ನಿಧಾನವಾಗಿ ಹೋದರೆ ಕಾಲ ವ್ಯರ್ಥವಾಗದೇ ಎಂದು ವಾಚಕರು ಕೇಳಬಹುದು. ಎರಡು ಸಿಗ್ನಲುಗಳ ನಡುವೆ ಅರ್ಧ ಕಿಲೋಮೀಟರು ಇದೆಯೆನ್ನೋಣ. 30ರ ವೇಗದಲ್ಲಿ 60 ಸೆಕೆಂಡು, 50ರ ವೇಗದಲ್ಲಿ 36 ಸೆಕೆಂಡು. ಉಳಿತಾಯ 24 ಸೆಕೆಂಡು. ಬೆಂಗಳೂರಿನಂಥ ಊರಿನಲ್ಲಿ ಆ ಉಳಿತಾಯವನ್ನು ಮುಂದಿನ ಕೆಂಪುದೀಪವು ಬಹಳಮಟ್ಟಿಗೆ ಹಿಂದಕ್ಕೆ ಪಡೆಯುತ್ತದೆ. ನುಗ್ಗಿಬಂದವನೂ ಮೆಲ್ಲನೆ ಬಂದವನೂ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ನಾವು ನಿತ್ಯವೂ ಕಾಣುತ್ತೇವೆ.

ಕಾನೂನಿನ ದಂಡವನ್ನು ಹೇಗೋ ತಪ್ಪಿಸಿಕೊಳ್ಳಬಹುದು. ಘರ್ಷಣೆಯ ನಿಯಮಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮುಂದಿನ ಸಲ ವೇಗವನ್ನು ಹೆಚ್ಚಿಸಲು ಕಾಲು ತವಕಿಸಿದಾಗ, ಬಸ್ಸಿನ ಮರೆಯಲ್ಲಿ ಆ ಮಗುವಿರಬಹುದೆಂಬುದನ್ನು ನೆನೆಯೋಣ.