ಪಟ್ಟ ಬಿಟ್ಟು ನಾಡು ಕಟ್ಟಿದ ಸೆರೆಟ್ಸೆ ಖಾಮಾ

ಸೆರೆಟ್ಸೆ ಎಂದರೆ ಒಡೆದದ್ದನ್ನು ಬೆಸೆಯುವ ಜೇಡಿಮಣ್ಣು. ಬಹುಕಾಲ ಮುನಿಸಿಕೊಂಡಿದ್ದ ತಾತ ಮೂರನೆಯ ಖಾಮಾ ಮತ್ತು ತಂದೆ ಸೆಕ್ಗೋಮಾ ರಾಜಿಯಾದ ನೆನಪಿಗೆ, 1921ರ ಜುಲೈ 1ರಂದು ಸೆರೋವೆಯಲ್ಲಿ ಹುಟ್ಟಿದ ಕೂಸಿಗೆ ಈ ಹೆಸರಿಟ್ಟರು. ಆಗ ಅದು ಬ್ರಿಟಿಷರ ರಕ್ಷಣೆಯಲ್ಲಿದ್ದ ಬೆಚುವಾನಾಲ್ಯಾಂಡ್, ಇಂದಿನ ಬೋಟ್ಸ್ವಾನಾ. ಮಗುವಿಗೆ ಐದು ತುಂಬುವಷ್ಟರಲ್ಲಿ ತಾತನೂ ತಂದೆಯೂ ತೀರಿಕೊಂಡರು. ಬಮಂಗ್ವಾಟೊ ಕುಲದ ಪಟ್ಟ ಅವನಿಗೆ ಬಂತು, ಆಡಳಿತ ಚಿಕ್ಕಪ್ಪ ಟ್ಶೆಕೆಡಿಯ ಕೈಗೆ ಹೋಯಿತು.

ಚಿಕ್ಕಪ್ಪ ಹುಡುಗನನ್ನು ಚೆನ್ನಾಗಿಯೇ ಓದಿಸಿದರು. ಫೋರ್ಟ್ ಹೇರ್ ಮುಗಿಸಿ, ಆಕ್ಸ್‌ಫರ್ಡ್‌ ಕಂಡು, ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ, 1947ರಲ್ಲಿ, ಸೆರೆಟ್ಸೆಗೆ ರುತ್ ವಿಲಿಯಮ್ಸ್ ಪರಿಚಯವಾಯಿತು. ಆಕೆ ಒಂದು ಕಚೇರಿಯ ಗುಮಾಸ್ತೆ, ಬಿಳಿಯ ಹುಡುಗಿ. ಮರುವರ್ಷ ಸೆಪ್ಟೆಂಬರಿನಲ್ಲಿ ಮದುವೆಯಾದರು. ಚರ್ಚು ಒಲ್ಲೆನೆಂದಿತು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದರು.

ಚಿಕ್ಕಪ್ಪ ಸಿಡಿದೆದ್ದರು. ಸೆಟ್ಸ್ವಾನಾ ಮಾತಾಡುವ ಜನರಲ್ಲಿ ಇಂಥ ತಕರಾರು ತೀರುವುದು ಖೋಟ್ಲಾದಲ್ಲಿ. ನಮ್ಮ ಅರಳಿಕಟ್ಟೆಯ ಪಂಚಾಯಿತಿಯಂತೆ ಅದೂ ಊರಿಗೆಲ್ಲ ತೆರೆದ ಸಭೆ. ಮೊದಲ ಎರಡು ಸಭೆಗಳು ತರುಣನಿಗೆ ಅನುಕೂಲವಾಗಿರಲಿಲ್ಲ. 1949ರ ಜೂನಿನ ಮೂರನೆಯ ಸಭೆಯಲ್ಲಿ ಸಾವಿರಾರು ಗಂಡಸರು ಎದ್ದು ನಿಂತು, ಸೊಸೆ ಯಾವ ಬಣ್ಣದವಳಾದರೂ ಸರಿ, ಒಡೆಯ ಇವನೇ ಎಂದರು. ಟ್ಶೆಕೆಡಿ ಸೋತು ಊರು ಬಿಟ್ಟರು.

ಮನೆಯ ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲೇ ವರ್ಣಭೇದದವರ ಸರ್ಕಾರ ಬಂದಿತ್ತು. ಗಡಿಯಾಚೆ ಕರಿಯ ದೊರೆ, ಬಿಳಿಯ ರಾಣಿ ಎಂದರೆ ಅವರು ಸಹಿಸುವುದುಂಟೆ? ಯುದ್ಧದಲ್ಲಿ ಬೊಕ್ಕಸ ಬರಿದಾಗಿದ್ದ ಬ್ರಿಟನ್ನಿಗೆ ಅಲ್ಲಿನ ಚಿನ್ನವೂ ಯುರೇನಿಯಮ್ಮೂ ಬೇಕಾಗಿದ್ದವು. ಬ್ರಿಟಿಷ್ ಸರ್ಕಾರ ವಿಚಾರಣಾ ಸಮಿತಿಯೊಂದನ್ನು ಕೂರಿಸಿತು. ಮದುವೆಯೊಂದನ್ನು ಬಿಟ್ಟರೆ ಈತ ಪಟ್ಟಕ್ಕೆ ತಕ್ಕವನೇ ಎಂದು ಬರೆದ ಅದರ ವರದಿಯನ್ನು ಸರ್ಕಾರ ಸುಮಾರು ಮೂವತ್ತು ವರ್ಷ ಮುಚ್ಚಿಟ್ಟಿತು. 1950ರಲ್ಲಿ ಮಾತುಕತೆಗೆಂದು ಲಂಡನ್ನಿಗೆ ಕರೆಸಿ, ಐದು ವರ್ಷ ಅಧಿಕಾರವೂ ಇಲ್ಲ, ಊರೂ ಇಲ್ಲ ಎಂದಿತು. ಗಡೀಪಾರು ಮಾಡಿದ್ದು ಲೇಬರ್ ಪಕ್ಷ, ಅದನ್ನು ಕಾಯಂ ಮಾಡಿದ್ದು ಚರ್ಚಿಲ್ ಸರ್ಕಾರ. ಇತ್ತ ಬಮಂಗ್ವಾಟೊ ಜನ ಬೇರೆ ಒಡೆಯನನ್ನು ಆರಿಸಲು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

1956ರಲ್ಲಿ ಸೆರೆಟ್ಸೆ ಊರಿಗೆ ಮರಳಿದ್ದು ಪಟ್ಟದ ಹಕ್ಕು ಬಿಟ್ಟುಕೊಟ್ಟು. ದನ ಸಾಕಿದರು, ಅದು ಕೈಹಿಡಿಯಲಿಲ್ಲ. 1962ರಲ್ಲಿ ಕ್ವೆಟ್ ಮಸೀರೆ ಮುಂತಾದವರ ಜೊತೆ ಡೆಮಾಕ್ರಟಿಕ್ ಪಕ್ಷ ಕಟ್ಟಿದರು. ಮೇಲೆತ್ತುವ ಜಾಕು ಅದರ ಚುನಾವಣಾ ಗುರುತು. 1965ರಲ್ಲಿ 31 ಸ್ಥಾನಗಳಲ್ಲಿ 28 ಗೆದ್ದಿತು. 1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾದಾಗ ಅವರೇ ಮೊದಲ ಅಧ್ಯಕ್ಷರು.

ಕೈಗೆ ಬಂದದ್ದಾದರೂ ಏನು? ಕಲಹರಿಯ ಮರಳು, ಬರಗಾಲ, ಹನ್ನೆರಡು ಕಿಲೋಮೀಟರಿನಷ್ಟು ಟಾರು ರಸ್ತೆ. ಒಂದೆರಡು ವರ್ಷದ ಹಿಂದಿನವರೆಗೆ ನಾಡಿನ ಆಡಳಿತ ನಡೆಯುತ್ತಿದ್ದುದು ಗಡಿಯಾಚೆಯ ಮಾಫೆಕಿಂಗ್ ಊರಿನಿಂದ! ಬಯಲಿನಲ್ಲಿ ಗಾಬೊರೋನೆ ಎಂಬ ರಾಜಧಾನಿಯನ್ನು ಹೊಸದಾಗಿ ಕಟ್ಟಬೇಕಾಯಿತು.

ಅವರ ಇಡೀ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು 1967ರ ಖನಿಜ ಕಾನೂನು. ನೆಲದಡಿಯ ಸಂಪತ್ತು ಕುಲಗಳದ್ದಲ್ಲ, ಇಡೀ ನಾಡಿನದು ಎಂದಿತು ಅದು. ಅದೇ ವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು, ಅದೂ ಬಮಂಗ್ವಾಟೊ ಸೀಮೆಯಲ್ಲಿ. ಹಳೆಯ ಕಟ್ಟಳೆ ಉಳಿದಿದ್ದರೆ ಆ ಗಣಿ ಅವರ ಕುಲದ ಪಾಲಾಗುತ್ತಿತ್ತು. 1971ರಲ್ಲಿ ಗಣಿ ತೆರೆಯಿತು. ಡಿ ಬಿಯರ್ಸ್ ಕಂಪನಿಯೊಡನೆ ಮತ್ತೆ ಚೌಕಾಸಿಗೆ ಕೂತು, ಶೇ. 15 ಇದ್ದ ಸರ್ಕಾರದ ಪಾಲನ್ನು 1975ರಲ್ಲಿ ಶೇ. 50ಕ್ಕೆ ಏರಿಸಿದರು. ಆ ಹಣ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹೋಯಿತು. ವಿಶ್ವವಿದ್ಯಾಲಯಕ್ಕೆ ಮಾತ್ರ ಜನರನ್ನೇ ಕೇಳಿದರು, ತಲೆಗೊಂದು ದನ ಕೊಡಿ ಎಂದು. ದನ ಇಲ್ಲದವರು ಕಾಳು, ಕಾಸು ತಂದುಕೊಟ್ಟರು. 1976ರಲ್ಲಿ ಬಂದ ಸ್ವಂತ ನಾಣ್ಯಕ್ಕೆ ‘ಪುಲಾ’ ಎಂದು ಹೆಸರಿಟ್ಟರು, ಅಂದರೆ ಮಳೆ. ಬರ ಕಂಡ ಸೀಮೆಯವರಿಗೆ ಆ ಹೆಸರಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎಲ್ಲವೂ ಹೊಗಳಿಕೆಗೆ ತಕ್ಕುದಾಗಿರಲಿಲ್ಲ. ಕಲಹರಿಯ ಬೇಟೆಗಾರ ಬಸರ್ವಾ ಜನರಿಗೆ ವಜ್ರದ ಬೆಳಕು ತಲುಪಿದ್ದು ತೀರ ಕಡಿಮೆ. 1977ರಲ್ಲಿ ಸೇನೆ ಕಟ್ಟಿದಾಗ ಇಪ್ಪತ್ತನಾಲ್ಕರ ಮಗ ಇಯಾನ್ ಅದರ ಉಪದಂಡನಾಯಕನಾದ. 1979ರಲ್ಲಿ ಅಪ್ಪ ಬಿಟ್ಟುಬಂದ ಕುಲದ ಪಟ್ಟವನ್ನೂ ಏರಿದ. ತಾನು ಬಿಟ್ಟದ್ದು ಮಗನಿಗಿರಲಿ ಎಂಬ ಆಸೆ ಅವರನ್ನೂ ಬಿಟ್ಟಿರಲಿಲ್ಲವೇನೋ.

1980ರ ಜುಲೈ 13ರಂದು ಮೇದೋಜೀರಕದ ಕ್ಯಾನ್ಸರ್‌ನಿಂದ ಸೆರೆಟ್ಸೆ ತೀರಿಕೊಂಡರು. ಹುಟ್ಟೂರು ಸೆರೋವೆಯಲ್ಲಿ, ಹಿರಿಯರ ಸಮಾಧಿಗಳ ಸಾಲಿನಲ್ಲೇ ಮಣ್ಣು ಮಾಡಿದರು. ಇಯಾನ್ ಮುಂದೆ ಹತ್ತು ವರ್ಷ ಅಧ್ಯಕ್ಷರಾಗಿದ್ದು, ಕೊನೆಗೆ ಅಪ್ಪನ ಪಕ್ಷವನ್ನೇ ತೊರೆದರು. ಸ್ವಾತಂತ್ರ್ಯ ಬಂದಂದಿನಿಂದ ಒಮ್ಮೆಯೂ ಸೋಲದಿದ್ದ ಆ ಪಕ್ಷ 2024ರ ಚುನಾವಣೆಯಲ್ಲಿ ಸೋತಿತು. ಅಂದಿನ ಅಧ್ಯಕ್ಷ ಮಸೀಸಿ ಎಣಿಕೆ ಪೂರ್ತಿ ಮುಗಿಯುವವರೆಗೂ ಕಾಯದೆ, ಗೆದ್ದ ಡುಮಾ ಬೊಕೊ ಅವರಿಗೆ ಫೋನು ಮಾಡಿ ಸೋಲೊಪ್ಪಿಕೊಂಡರು.